ಎರಡೂ ಕೈಗೆ ಹಚ್ಚಿದ ಮುಲಾಮು

ಒಂದು ಬಕೆಟ್ ಬಟ್ಟೆ ಒಣಹಾಕಲು ಎಷ್ಟು ಹೊತ್ತು ಬೇಕು? ಸೋಮಮ್ಮನಿಗೆ ಬಗೆಹರಿಯದಿದ್ದ ಪ್ರಶ್ನೆ ಇದೊಂದೇ. ಸೊಸೆ ಧರಣಿ ಹಿಂಡಿದ ಬಟ್ಟೆ ಹೊತ್ತು ಮಾಳಿಗೆ ಹತ್ತಿದಳೆಂದರೆ, ಮೊದಲು ಹರವಿದ ಸೀರೆ ಒಣಗಿ ಮಡಚುವ ಹದಕ್ಕೆ ಬಂದರೂ ಇಳಿಯುತ್ತಿರಲಿಲ್ಲ. ಇಳಿದಾಗ ಕೈಯಲ್ಲಿ ಖಾಲಿ ಬಕೆಟ್ಟು, ಸೊಂಟದಲ್ಲಿ ಸಿಕ್ಕಿಸಿದ ಫೋನು, ಮುಖದಲ್ಲಿ ಯಾರದೋ ಸಾವಿನ ಮನೆಗೆ ಹೋಗಿ ಬಂದಂಥ ಕಳೆ.

"ಏನವ್ವ, ಬಟ್ಟೆ ಒಣಗಾಕಕ್ಕೆ ಓಗಿದ್ಯಾ, ನೇಯಕ್ಕೆ ಓಗಿದ್ಯಾ?"

"ಆಫೀಸಿನ ಫೋನು ಅತ್ತೆ."

"ದಿನಾನೂ ಬತ್ತದಾ?"

"ದಿನಾನೂ ಊಟ ಮಾಡ್ತೀವಲ್ಲ ಅತ್ತೆ" ಎಂದು ಧರಣಿ ಅಡುಗೆಮನೆ ಹೊಕ್ಕಳು.

ಮಾತು ಸಣ್ಣದು, ಏಟು ಸರಿಯಾಗಿಯೇ ಬಿತ್ತು. ಅದು ಎರಡನೇ ಅಲೆಯ ಲಾಕ್‌ಡೌನಿನ ಕಾಲ. ಕೆಸರೆಯ ಆ ಪುಟ್ಟ ಮನೆಯಲ್ಲಿ ಐದು ಜನ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಂತೆ ದಿನವಿಡೀ ಕೂತಿದ್ದರು. ಮಗ ಶಿವರಾಮು ಓಡಿಸುತ್ತಿದ್ದ ಸ್ಕೂಲ್ ವ್ಯಾನು ಶಾಲೆ ಮುಚ್ಚಿದಂದಿನಿಂದ ಬಾಗಿಲ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ನಗರಪಾಲಿಕೆಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದ ಗಂಡ ಮಹದೇವಯ್ಯ, ಬಾಬಾಸಾಹೇಬರ ಪಟದ ಕೆಳಗೆ ಕುರ್ಚಿ ಹಾಕಿಕೊಂಡು ಟಿವಿಯಲ್ಲಿ ಸತ್ತವರ ಲೆಕ್ಕ ಕೇಳುತ್ತಿದ್ದ. ಹತ್ತನೇ ಕ್ಲಾಸಿನ ಮೊಮ್ಮಗಳು ಕೀರ್ತಿಗೆ ಆನ್‌ಲೈನ್ ಪಾಠ. ಮನೆಗೆ ಇದ್ದ ದುಡಿಮೆ ಧರಣಿಯದೊಂದೇ.

ಅವಳಿಗೆ ಕೆಲಸ ಸಿಕ್ಕಿದ್ದು ಊರಿನ ಒಂದು ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ. ಬಿಸಿಲಲ್ಲಿ ದುಡಿದ ಹೆಂಗಸರ ಚರ್ಮ ಹೇಗೆ ಮುಪ್ಪಾಗುತ್ತದೆ, ಮುಲಾಮು ಹಚ್ಚಿದರೆ ಸುಕ್ಕು ಎಷ್ಟು ತಗ್ಗುತ್ತದೆ ಎಂದು ನೋಡುವ ಕೆಲಸ. ಯುಗಾದಿಗೆ ಮುಂಚೆ ಅವಳು ಬೀದಿ ಬೀದಿ ಸುತ್ತಿ ಹೆಂಗಸರನ್ನು ಒಪ್ಪಿಸಿದ್ದಳು. ಒಬ್ಬರು ಕಡಿಮೆ ಬಿದ್ದಾಗ ಆಫೀಸಿನಲ್ಲಿ ಕೇಳಿ ಅತ್ತೆಯನ್ನೇ ಸೇರಿಸಿಕೊಂಡಿದ್ದಳು. ಸೋಮಮ್ಮ ವಿಜಯನಗರ ಬಡಾವಣೆಯಲ್ಲಿ ಮನೆಗಳು ಏಳುವ ಕಾಲಕ್ಕೆ ಗಾರೆ ಹೊತ್ತವಳು. ಅವಳ ಮುಂಗೈ ಚರ್ಮ ಒಣಗಿದ ಹಾಗಲಕಾಯಿಯಂತಿತ್ತು.

"ಮುದುಕೀರ್ ಚರ್ಮ ಕಟ್ಕಂಡು ಅವ್ರಿಗೇನಾಗ್ಬೇಕು?" ಎಂದು ಆಗಲೇ ಕೇಳಿದ್ದಳು. ಹೆಸರೇ ಇಲ್ಲದ ಬಿಳಿ ಟ್ಯೂಬನ್ನು ಮೂಸಿ ನೋಡಿದ್ದಳು. ಹಲ್ಲಿಗೆ ಹಚ್ಚುವುದು ಕಾಲಿಗೆ ಹಚ್ಚುವುದು ಯಾವುದಕ್ಕಾದರೂ ಒಂದು ಹೆಸರಿರುತ್ತದೆ. ಇದಕ್ಕೆ ಬರೀ ನಂಬರು.

"ಎಡಗೈಗೆ ಮಾತ್ರ ಹಚ್ಚಬೇಕು ಅತ್ತೆ. ಬಲಗೈಗೆ ಒಂಚೂರೂ ಸೋಕಿಸಬೇಡಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ" ಎಂದು ಧರಣಿ ಹೇಳಿಕೊಟ್ಟಿದ್ದಳು.

"ಆಯ್ತು ಕಣಮ್ಮ" ಎಂದಿದ್ದಳು ಸೋಮಮ್ಮ. ಮೊದಲ ದಿನ ಹಾಗೆಯೇ ಮಾಡಿದಳು. ಎರಡನೆಯ ದಿನ ಕೈ ತಡೆಯಿತು. ಮದುವೆಯಾಗಲಿ, ಮೈನೆರೆದ ಶಾಸ್ತ್ರವಾಗಲಿ, ಬಂದ ಮುತ್ತೈದೆಯ ಒಂದು ಕೆನ್ನೆಗೆ ಅರಿಶಿನ ಹಚ್ಚಿ ಇನ್ನೊಂದು ಬಿಟ್ಟವರುಂಟೆ? ಒಂದು ಕಾಲಿಗೆ ಹಚ್ಚಿ ಒಂದು ಕಾಲು ಬಿಡುವುದು ಹೆಣಕ್ಕೂ ಮಾಡದ ಕೆಲಸ. ಮನೆಗೇ ಕೇಡು. ಅವಳು ಉಳಿದ ಮುಲಾಮನ್ನು ಬಲಗೈಗೂ ಸವರಿದಳು. ಅಂದಿನಿಂದ ದಿನವೂ ಸವರಿದಳು. ಭಾನುವಾರ ಸೊಸೆ ಎರಡೂ ಮುಂಗೈಯ ಫೋಟೋ ತೆಗೆಯುವಾಗ ಕಲ್ಲಿನಂತೆ ಕೂತಿರುತ್ತಿದ್ದಳು.

ಈಗ ಲಾಕ್‌ಡೌನು ಬಂದು ಬೀದಿ ಸುತ್ತುವುದು ನಿಂತಿತ್ತು. ಆದರೂ ಧರಣಿಗೆ ಮೊದಲಿಗಿಂತ ಹೆಚ್ಚು ಕೆಲಸ. "ಎಂಥ ಕೆಲ್ಸವೇ?" ಎಂದರೆ "ಚರ್ಮದ್ದೇ ಅತ್ತೆ" ಎನ್ನುತ್ತಿದ್ದಳು. ಚರ್ಮದ ಮಾತಾಡಲು ಮಾಳಿಗೆಯ ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಯಾಕೆ ಕೂರಬೇಕು? ನೀರಿನ ಡ್ರಮ್ಮಿಗೆ ಬಿದ್ದೆದ್ದ ಆ ಫೋನು ಕಿವಿಗಿಟ್ಟರೆ ಕೇಳದು, ಸ್ಪೀಕರ್ ಹಾಕಿದರೆ ಮಾತ್ರ ಮಾತು, ಅದು ನಿಜ. ಆದರೆ ಕೀರ್ತಿಯ ಟೀಚರು ಹಾಲಿನಲ್ಲೇ ಕೂಗಾಡುವುದಿಲ್ಲವೆ? ಎದುರು ಮನೆಯ ಚಲುವಮ್ಮ ಕೂಡ ಮಾಸ್ಕ್ ಕೆಳಗಿಳಿಸಿ ಒಂದು ಮಾತು ಚುಚ್ಚಿದ್ದಳು. "ನಿನ್ ಸೊಸೆಗೆ ಮಾಳಿಗೆ ಮೇಲೆ ಏನ್ ಸೋಮಕ್ಕ, ಅಷ್ಟೊಂದು ಗಾಳಿ?"

ಇನ್ನೊಂದು ಸಂಗತಿಯೂ ಸೋಮಮ್ಮನ ಕಣ್ಣಿಗೆ ಬಿದ್ದಿತ್ತು. ಕೆಲವು ವಾರಗಳಿಂದ ಧರಣಿ ರೂಮು ಬಿಟ್ಟು ಅಡುಗೆಮನೆಯಲ್ಲಿ ಮಗಳ ಪಕ್ಕ ಚಾಪೆ ಹಾಸುತ್ತಿದ್ದಳು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸದ್ದು ಹಾಲಿನಲ್ಲಿ ಮಲಗಿದವರಿಗೆ ಕೇಳುತ್ತಿತ್ತು. ಗಂಡನ ಪಕ್ಕ ಮಲಗದ ಹೆಂಗಸಿನ ಮನಸ್ಸು ಇನ್ನೆಲ್ಲೋ ಇದೆ ಎಂದೇ ಸೋಮಮ್ಮ ಲೆಕ್ಕ ಹಾಕಿದಳು.

ಒಂದು ದಿನ ಹುರುಳಿಕಾಳು ಒಲೆಯ ಮೇಲಿಟ್ಟು, ಮೆಟ್ಟಿಲ ಅರ್ಧದವರೆಗೆ ಹತ್ತಿ ನಿಂತಳು. ಕಾಗೆಗಳ ಗಲಾಟೆಯಲ್ಲಿ ಆ ಕಡೆಯ ದನಿ ಕೇಳಲಿಲ್ಲ. ಸೊಸೆಯದು ಮಾತ್ರ ಬಿಟ್ಟುಬಿಟ್ಟು ಕೇಳಿತು.

"ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಹಂಗಿದ್ರೆ ಹೂಂ, ಉಹೂಂ ಅನ್ನಿ, ಸಾಕು... ಲಾಕ್‌ಡೌನಿಗೆ ಮುಂಚೆ ವಾರಕ್ಕೆ ಎಷ್ಟು ಸಲ ಕೂಡ್ತಿದ್ರಿ?... ಈಗ ಜಾಸ್ತಿನಾ, ಕಮ್ಮಿನಾ?... ನಿಮಗೂ ಮನಸ್ಸಿರ್ತಿತ್ತಾ?"

ಸೋಮಮ್ಮ ಇಳಿದು ಬಂದು ಗಂಡನ ಎದುರು ಕೂತಳು. "ಏಯ್, ಕೇಳಿಸ್ತಾ? ನಿಮ್ ಸೊಸೆ ಮೇಲೆ ಕೂತು ಬಾಯಲ್ಲಿ ಏಳಬಾರದ್ದು ಮಾತಾಡ್ತವ್ಳೆ."

"ಯಾರ್ ಜೊತೆ?"

"ಅದು ಕಾಣೆ."

"ಕಾಣ್ದಿದ್ರೆ ಬಾಯಿ ಮುಚ್ಚು ಸೋಮಿ. ಊಟದ ಒತ್ತು."

ಊಟದ ಹೊತ್ತಿಗೇ ಬಾಯಿ ತೆರೆಯಿತು. ಮುದ್ದೆ ಬಡಿಸುತ್ತ ಸೋಮಮ್ಮ ಯಾರನ್ನೂ ನೋಡದೆ ಹೇಳಿದಳು: "ನಂ ಕಾಲದಲ್ಲಿ ಕತ್ಲೆ ಮಾತು ಕತ್ಲೇಲೇ ಇರೋದು. ಈಗ ಅಗಲೊತ್ತಲ್ಲೇ ಟ್ಯಾಂಕ್ ಪಕ್ಕ ಕೂತು ಕೇಳ್ತಾರೆ, ವಾರಕ್ಕೆ ಎಷ್ಟು ಸಲ ಅಂತ."

ಶಿವರಾಮು ಸಾರಿಗೆ ಅದ್ದಿದ ತುತ್ತನ್ನು ತಟ್ಟೆಗೆ ಹಾಕಿದ. "ಕೀರ್ತಿ, ಆಚೆ ಓಗು."

"ಊಟ ಮಾಡ್ತಿದ್ದೀನಪ್ಪ."

"ತಟ್ಟೆ ಎತ್ಕಂಡು ಓಗು ಅಂದೆ!"

ಹುಡುಗಿ ತಟ್ಟೆ ಎತ್ತಿಕೊಂಡು ಹೊರ ಜಗುಲಿಗೆ ಹೋದಳು. ಶಿವರಾಮು ಹೆಂಡತಿಯ ಕಡೆ ತಿರುಗಿದ. "ಯಾರ್ಲೇ ಅವ್ನು?"

"ಅವನಲ್ಲ. ಅವಳು. ಪ್ರತಿ ಸಲ ಒಬ್ಬಳು ಬೇರೆ ಅವಳು" ಎಂದಳು ಧರಣಿ. "ಚರ್ಮದ ಕೆಲಸ ಭಾನುವಾರ ಮಾತ್ರ. ಮಿಕ್ಕಿದ ದಿನ ಇದು. ಮನೇಲೇ ಕೂತ ಈ ಕಾಲದಲ್ಲಿ ಗಂಡ ಹೆಂಡ್ತಿ ಮಧ್ಯೆ ಏನಾಗ್ತಿದೆ ಅಂತ ಹೆಂಗಸರನ್ನ ಕೇಳಿ ಬರ್ಕೋಬೇಕು. ಅದೂ ಡಾಕ್ಟರ್ ಕೆಲಸಾನೇ, ಸಂಶೋಧನೆ. ಯಾರು ಏನ್ ಹೇಳಿದ್ರು ಅಂತ ಬೇರೆಯವರಿಗೆ ಹೇಳೋ ಹಾಗಿಲ್ಲ. ಅದಕ್ಕೇ ಮೇಲೆ ಹೋಗೋದು."

"ಥೂ! ಇದಕ್ಕೆ ಸಂಬಳ ಬೇರೆ ಕೊಡ್ತಾರಾ?" ಸೋಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀವೀಗ ಬಡಿಸ್ತಿರೋ ರಾಗಿ ಆ ಸಂಬಳದ್ದೇ ಅತ್ತೆ."

ಶಿವರಾಮು ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಅವನಿಗೆ ಬೇರೆಯದೇ ಚಿಂತೆ. "ನಂ ವಿಷ್ಯಾನೂ ಹೇಳಿದ್ದೀಯಾ? ಆಫೀಸಿನೋರ ಮುಂದೆ ನಂ ಮನೇದೂ ಬಿಚ್ಚಿಟ್ಟಿದ್ದೀಯಾ?"

ಧರಣಿ ತಟ್ಟೆಯಲ್ಲೇ ಕೈ ತೊಳೆದು ಎದ್ದಳು.

"ನೋಡಿದ್ಯೇನವ್ವ? ಬಾಯಿ ಬುಡಲ್ಲ! ಇನ್ಮೇಲೆ ಮಾಳಿಗೆ ಹತ್ತಕೂಡ್ದು. ಮಾಡೋದಿದ್ರೆ ಇಲ್ಲೇ ನನ್ ಕಣ್ಣೆದುರು ಕೂತು ಮಾಡು."

ಎದುರು ಕೂತು ಮಾಡುವ ಕೆಲಸವಲ್ಲ ಅದು. ಧರಣಿ ಫೋನು ಮುಟ್ಟಲೇ ಇಲ್ಲ. ಮಾಡಬೇಕಾದ ಕರೆಗಳು ಬಾಕಿ ಬಿದ್ದವು. ಸೋಮಮ್ಮ ಒಳಗೊಳಗೇ ಗೆದ್ದಳು. ಆದರೂ ಸೊಸೆ ಗೋಡೆಗೊರಗಿ ಸೊಪ್ಪು ಬಿಡಿಸುತ್ತ ಕೂತದ್ದನ್ನು ನೋಡಿದರೆ ಏನೋ ಇನ್ನೂ ಬಚ್ಚಿಟ್ಟಿದ್ದಾಳೆ ಅನ್ನಿಸುತ್ತಿತ್ತು. ಗಂಡನ ಆ ಪ್ರಶ್ನೆಗೆ 'ಇಲ್ಲ' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ. ಯಾಕೆ ಹೇಳಲಿಲ್ಲ?

ಆ ವಾರದ ಕೊನೆಗೆ ಆಫೀಸಿನ ಡಾಕ್ಟರು ರವಿಚಂದ್ರ ತಾವೇ ಫೋನು ಮಾಡಿದರು. ಎರಡೂ ಕೆಲಸಕ್ಕೆ ಅವರೇ ಮೇಲಿನವರು. ಸ್ಪೀಕರಿನ ಫೋನು, ಮನೆಮಂದಿಯೆಲ್ಲ ಹಾಲಿನಲ್ಲೇ. ಕೇಳಿಸದೆ ಎಲ್ಲಿಗೆ ಹೋಗುತ್ತದೆ?

"ಧರಣಿ, ನಿಮ್ಮ ಅತ್ತೆಯವರ ಫೋಟೋ ನೋಡ್ದೆ. ಎಡಗೈ ಎಷ್ಟು ನಯ ಆಗಿದೆಯೋ ಬಲಗೈಯೂ ಅಷ್ಟೇ ಆಗಿದೆ. ಬೇರೆ ಯಾರದ್ದೂ ಹೀಗಿಲ್ಲ. ಒಂದೇ ಕೈನ ಎರಡು ಸಲ ತೆಗೆದು ಕಳಿಸ್ತಿದ್ದೀರಾ?"

"ಇಲ್ಲ ಸರ್! ಎರಡೂ ಕೈ ನಾನೇ ತೆಗೆದಿದ್ದೀನಿ."

"ಹಾಗಿದ್ರೆ ಅವರು ಎರಡಕ್ಕೂ ಹಚ್ಚಿರಬೇಕು. ಕೇಳಿ."

ಧರಣಿ ತಿರುಗಿದಳು. "ಅತ್ತೆ, ಬಲಗೈಗೂ ಹಚ್ಚಿದ್ರಾ?"

ಬೆಳ್ಳುಳ್ಳಿ ಜಜ್ಜುತ್ತಿದ್ದ ಸೋಮಮ್ಮನ ಕೈ ನಿಂತಿತು. ಹೌದೆಂದರೆ ಡಾಕ್ಟರ ಬೈಗುಳ ತನಗೆ. ಇಲ್ಲವೆಂದರೆ ಆ ಹಾಳು ಕೆಲಸಕ್ಕೇ ಕುತ್ತು, ಟ್ಯಾಂಕಿನ ಹಿಂದಿನ ಮಾತಿಗೂ ಕುತ್ತು.

"ಇಲ್ಲಪ್ಪ" ಎಂದಳು.

ಸೊಸೆ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಫೋನಿಗೆ, "ಹಚ್ಚಿಲ್ವಂತೆ ಸರ್" ಎಂದಳು.

"ಅಂದ್ರೆ ಫೋಟೋ ಸುಳ್ಳು. ಮನೆಯವರನ್ನೇ ಸೇರಿಸ್ಕೊಂಡಾಗಲೇ ನನಗೆ ಅನುಮಾನ ಇತ್ತು. ಇಲ್ಲೇ ಹೀಗಾದ್ರೆ ಆ ಫೋನ್ ಸರ್ವೆಯಲ್ಲಿ ನೀವು ಬರೆದ ಉತ್ತರ ನಾನು ಹೆಂಗೆ ನಂಬಲಿ? ಬಾಕಿ ಇರೋ ಕರೆ ಮುಗಿಸಿಬಿಡಿ. ಮುಂದಿನ ತಿಂಗಳಿಂದ ಬೇಡ."

ಫೋನು ಆರಿತು. ಮಹದೇವಯ್ಯ ಟಿವಿಯ ದನಿ ತಗ್ಗಿಸಿದ. ಶಿವರಾಮು ನಕ್ಕ. "ಅಲ್ಲೂ ಸುಳ್ಳೇನಾ? ಸರಿ, ಈ ತಿಂಗಳ ಸಂಬಳ ಬರ್ಲಿ, ಆಮೇಲೆ ಮುಗೀತು. ಅದೊಂದಿಷ್ಟು ಮಾತಾಡಿ ಮುಗಿಸ್ಕೊ."

"ಅಮ್ಮ ಸುಳ್ಳು ಹೇಳಲ್ಲ" ಎಂದಳು ಕೀರ್ತಿ, ಪುಸ್ತಕದಿಂದ ತಲೆ ಎತ್ತದೆ.

"ದೊಡ್ಡೋರ ಮಾತಲ್ಲಿ ನೀನು ಬಾಯಾಕ್ಬೇಡ" ಎಂದು ಗದರಿದವಳು ಸೋಮಮ್ಮ. ಗದರಿದ ದನಿ ಬೇಕಾದದ್ದಕ್ಕಿಂತ ದೊಡ್ಡದಾಯಿತು. ಅಂದು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಧರಣಿ ಅತ್ತೆಯನ್ನು ಮತ್ತೆ ಕೇಳಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಎಂದಿನಂತೆ ಕಾಫಿ ಲೋಟ ತಂದಿಟ್ಟಳು, ಎಂದಿನಂತೆ "ಮಾತ್ರೆ ತಗೊಂಡ್ರಾ ಅತ್ತೆ?" ಎಂದಳು. ಆ ಟ್ಯೂಬನ್ನು ಮಾತ್ರ ಕಪಾಟಿನಿಂದ ತೆಗೆದು ಎಲ್ಲೋ ಇಟ್ಟಿದ್ದಳು. ಗೊತ್ತಿದ್ದೂ ಸುಮ್ಮನಿದ್ದಾಳೋ, ಗೊತ್ತಿಲ್ಲದೆ ಸುಮ್ಮನಿದ್ದಾಳೋ? ಸೋಮಮ್ಮ ಕಾಫಿಯನ್ನು ಅರ್ಧಕ್ಕೇ ಇಟ್ಟಳು.

ಶಿವರಾಮು ರೇಷನ್ ಅಂಗಡಿಯ ಸಾಲಿಗೆ ಹೋದ ಬೆಳಿಗ್ಗೆ ಧರಣಿ ಬಾಕಿ ಕರೆ ಮುಗಿಸಲು ಮೇಲೆ ಹೋದಳು. ಹಿಂದೆಯೇ ಸೋಮಮ್ಮ ಹಪ್ಪಳ ಒಣಗಿಸುವ ಮೊರ ಹಿಡಿದು ಹತ್ತಿದಳು. ಯಾರಾದರೂ ಕೇಳಿದರೆ ಒಂದು ನೆಪವಿರಲಿ. ಮೊರದಲ್ಲಿ ಹಪ್ಪಳವಿರಲಿಲ್ಲ.

ಟ್ಯಾಂಕಿನ ಈ ಕಡೆ ನಿಂತಳು. ಕಾಗೆಗಳು ಇರಲಿಲ್ಲ. ಫೋನಿನಿಂದ ಒಬ್ಬ ಹೆಂಗಸಿನ ದನಿ ಬಂತು. ಸೋಮಮ್ಮನ ಊರ ಕಡೆಯದೇ ಮಾತು.

"ಅವ್ನಿಗೆ ದುಡಿಮೆ ಇಲ್ಲ ಕಣವ್ವ, ಒತ್ತೂ ಓಗಲ್ಲ. ನಂಗೆ ಮೈ ಸರಿಯಿಲ್ಲ ಅಂದ್ರೂ ಬುಡಲ್ಲ. ಬೇಡ ಅಂದ್ರೆ, ಯಾವನ್ನ ನೆನೆಸ್ಕಂಡಿದ್ದೀಯಾ ಅಂತಾನೆ."

"ಆಗ ಏನ್ ಮಾಡ್ತೀರಿ ಅಕ್ಕ?"

"ಮೊದ್ಲು ಸುಮ್ಕಿದ್ದೆ. ಈಗ ಮಕ್ಕಳ ಪಕ್ಕ ಮಲಿಕ್ಕಂಡು ಚಿಲಕ ಆಕ್ಕತೀನಿ."

ಧರಣಿ ಮುಂದಿನ ಪ್ರಶ್ನೆ ಕೇಳಲೇ ಇಲ್ಲ.

"ಲೈನಲ್ಲಿದ್ದೀಯವ್ವಾ?"

"ಇದ್ದೀನಿ ಅಕ್ಕ. ಹೇಳಿ, ಅವಸರ ಇಲ್ಲ."

"ಏಳಕ್ಕೆ ಇನ್ನೇನದೆ? ಇಷ್ಟು ವರ್ಷಕ್ಕೆ ನಿಂಗೆ ಇಷ್ಟ ಇತ್ತಾ ಅಂತ ಕೇಳ್ದೋಳು ನೀನೊಬ್ಳೇ."

ಸೋಮಮ್ಮನ ಕೈಯ ಮೊರ ಟ್ಯಾಂಕಿಗೆ ತಾಗಿ ಸದ್ದಾಯಿತು. ಧರಣಿ ಕರೆ ಮುಗಿಸಿ ಬಗ್ಗಿ ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು.

"ಎಷ್ಟೊತ್ತಾಯ್ತು ಅತ್ತೆ ಬಂದು?"

"ಈಗ ಬಂದೆ."

"ಕೇಳಿಸ್ಕೊಂಡಿದ್ರೆ ಯಾರಿಗೂ ಹೇಳ್ಬೇಡಿ. ಅವರಿಗೆ ಮಾತು ಕೊಟ್ಟಿದ್ದೀನಿ."

ಸೋಮಮ್ಮ ಮೊರವನ್ನು ಗೋಡೆಗೆ ಒರಗಿಸಿದಳು, ಅದು ಜಾರಿತು, ಮತ್ತೆ ಒರಗಿಸಿದಳು. "ನಿನ್ನ ಯಾರಾದ್ರೂ ಕೇಳಿದ್ರಾ ಇದ್ನೆಲ್ಲಾ?"

"ಕೇಳೋಳು ನಾನು. ನನ್ನ ಯಾರು ಕೇಳ್ತಾರೆ ಅತ್ತೆ?"

"ಮತ್ತೆ ಅವ್ನು ಕೇಳ್ದಾಗ ಇಲ್ಲ ಅನ್ನಬೌದಿತ್ತು. ಯಾಕನ್ಲಿಲ್ಲ?"

ಧರಣಿ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತಂತಿಯಿಂದ ಎಳೆದು ಹೆಗಲಿಗೆ ಹಾಕಿಕೊಂಡಳು. ಗಂಡನ ಅಂಗಿಯನ್ನೂ ಎಳೆದಳು. "ಇಲ್ಲ ಅಂದ್ರೆ, ಹೇಳೋ ಅಂಥದ್ದು ಏನೂ ನಡೆದಿಲ್ಲ ಅಂತ ಆಗ್ಬಿಡುತ್ತಲ್ಲ" ಎಂದು ಇಳಿದು ಹೋದಳು.

ಸೋಮಮ್ಮ ಕೆಳಗೆ ಬಂದು, ಬಚ್ಚಲಲ್ಲಿ ಎರಡೂ ಕೈ ಸೋಪು ಹಾಕಿ ತೊಳೆದಳು. ಸೆರಗಿನಲ್ಲಿ ಒರೆಸಿಕೊಂಡು ಹಾಲಿಗೆ ಬಂದಳು. "ಕೀರ್ತಿ, ಆ ಡಾಕ್ಟ್ರಿಗೆ ಮುಖ ಕಾಣೋ ಅಂಗೆ ಫೋನ್ ಆಕು."

"ಯಾಕಜ್ಜಿ?"

"ಆಕು ಅಂದ್ರೆ ಆಕು."

ಪರದೆಯ ಮೇಲೆ ಕನ್ನಡಕದ ರವಿಚಂದ್ರ ಮೂಡಿದರು. ಸೋಮಮ್ಮ ಪೀಠಿಕೆಗೆ ಹೋಗಲಿಲ್ಲ. ಎರಡೂ ಮುಂಗೈಗಳನ್ನು ಫೋನಿನ ಮುಂದೆ ಚಾಚಿದಳು. "ನೋಡ್ಕಳಿ ಸ್ವಾಮಿ. ಇದು ಎಡ, ಇದು ಬಲ. ಎರಡಕ್ಕೂ ಹಚ್ಚಿದ್ದು ನಾನೇ. ಅವ್ಳು ಬ್ಯಾಡ ಅಂದಿದ್ಲು, ಕದ್ದು ಹಚ್ದೆ. ಫೋಟೋ ಸುಳ್ಳಲ್ಲ, ಸುಳ್ಳು ನಾನು."

"ಇದನ್ನ ನಿಮ್ಮ ಸೊಸೆ ಹೇಳಿಕೊಟ್ರಾ?"

"ನಂಗೆ ಮಾತು ಹೇಳ್ಕೊಡೋರು ಇನ್ನೂ ಹುಟ್ಟಿಲ್ಲ. ನಮ್ಮ್ ಯಜಮಾನ್ರನ್ನೇ ಕೇಳಿ."

"ಅದು ನಿಜ ಸಾರ್" ಎಂದ ಮಹದೇವಯ್ಯ ಕುರ್ಚಿಯಿಂದ.

ಡಾಕ್ಟರು ಕೈ ಹತ್ತಿರ ತರಲು ಹೇಳಿದರು, ತಿರುಗಿಸಲು ಹೇಳಿದರು, ಬಹಳ ಹೊತ್ತು ನೋಡಿದರು. "ಯಾಕೆ ಹಾಗೆ ಮಾಡಿದ್ರಮ್ಮ?"

"ಒಂದು ಕೆನ್ನೆಗೆ ಅರಿಶ್ಣ ಹಚ್ಚಿ ಒಂದು ಕೆನ್ನೆ ಬುಡ್ತಾರಾ? ನಿಮ್ಮನೇಲಿ ಬುಡ್ತಾರಾ?"

"ಮತ್ತೆ ಅವತ್ತು ಕೇಳಿದಾಗ ಇಲ್ಲ ಅಂದ್ರಲ್ಲ."

"ಅವತ್ತು ಅವ್ಳ ಕೆಲ್ಸ ಓಗ್ಲಿ ಅಂತಿತ್ತು."

"ಇವತ್ತು?"

"ಇವತ್ತು ಇರ್ಲಿ."

ಡಾಕ್ಟರು, ಸೋಮಮ್ಮನ ಹೆಸರನ್ನು ತೆಗೆದುಹಾಕುವುದಾಗಿಯೂ, ಧರಣಿ ಫೋನಿನ ಕೆಲಸ ಮುಂದುವರಿಸಬಹುದೆಂದೂ, ಆದರೆ ಅವಳು ಬರೆದ ಕೆಲವು ಉತ್ತರಗಳನ್ನು ಬೇರೆಯವರಿಂದ ಮತ್ತೆ ಕೇಳಿಸುವುದಾಗಿಯೂ ಹೇಳಿದರು. ಅವರ ಅನುಮಾನ ಪೂರ್ತಿ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಧರಣಿ ಎಲ್ಲವನ್ನೂ ಕೇಳಿಸಿಕೊಂಡು ಒಲೆಯ ಮುಂದೆ ಹೋದಳು. ಸ್ವಲ್ಪ ಹೊತ್ತಿಗೆ ಅತ್ತೆಯ ಪಕ್ಕ ಕಾಫಿ ಲೋಟ ಬಂತು. ಅದು ಕಾಫಿಯ ಹೊತ್ತಾಗಿರಲಿಲ್ಲ.

ಮಾರನೆಯ ದಿನ ಧರಣಿ ಬಕೆಟ್ಟಿನ ನೆಪವಿಲ್ಲದೆ ಬರೀ ಫೋನು ಹಿಡಿದು ಮಾಳಿಗೆ ಹತ್ತಿದಳು. ವ್ಯಾನಿನ ಬಳಿಯಿದ್ದ ಶಿವರಾಮು ಟಾರ್ಪಾಲು ಬಿಟ್ಟು ದಡದಡನೆ ಬಂದ. ಮೆಟ್ಟಿಲ ಕೆಳಗಿನ ಕಲ್ಲಿನ ಮೇಲೆ ಸೋಮಮ್ಮ ಮೊರ ತುಂಬ ಬೆಳ್ಳುಳ್ಳಿ ಇಟ್ಟುಕೊಂಡು ಅಡ್ಡಲಾಗಿ ಕೂತಿದ್ದಳು.

"ದಾರಿ ಬುಡವ್ವ."

"ಅವ್ಳು ಕೆಲ್ಸದಲ್ಲವ್ಳೆ."

"ಹತ್ತಬ್ಯಾಡ ಅಂದಿದ್ದೆ ನಾನು. ನೀನೇ ತಾನೇ ಏಳಿದ್ದು, ಏನೇನೋ ಮಾತಾಡ್ತಾಳೆ ಅಂತ?"

"ಏಳಿದ್ದೆ. ಅರ್ಧ ಕೇಳಿಸ್ಕಂಡು ಏಳಿದ್ದೆ."

"ನಂ ವಿಷ್ಯ ಎಲ್ರಿಗೂ ಏಳ್ತವ್ಳೆ ಕಣವ್ವ ಅವ್ಳು. ನಂ ಮರ್ಯಾದೆ ತೆಗೀತವ್ಳೆ."

ಸೋಮಮ್ಮ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು. ಇಷ್ಟು ದಿನ ಸೊಸೆಯನ್ನು ನೋಡಿದ ಅದೇ ಕಣ್ಣಿನಿಂದ ನೋಡಿದಳು.

"ಏಳಿದ್ರೆ ಮರ್ಯಾದೆ ಓಗೋ ಅಂಥದ್ದು ಏನ್ ಮಾಡಿದ್ದೀಯಪ್ಪ ನೀನು?"

ಶಿವರಾಮು ಮೆಟ್ಟಿಲ ಕಡೆ ನೋಡಿದ, ಬೀದಿಯ ಕಡೆ ನೋಡಿದ. ಅವ್ವನ ಮುಖ ಮಾತ್ರ ನೋಡಲಿಲ್ಲ. ತಿರುಗಿ ಹೋಗಿ, ತಿಂಗಳಿಂದ ಓಡದ ವ್ಯಾನಿನ ಗಾಜು ಒರೆಸತೊಡಗಿದ.

ದೀಪ ಹಚ್ಚುವ ಹೊತ್ತಿಗೆ ಸೋಮಮ್ಮ ಹಾಲಿನ ಮೂಲೆಯಲ್ಲಿದ್ದ ತನ್ನ ಚಾಪೆ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಅಡುಗೆಮನೆಗೆ ನಡೆದಳು.

"ಎಲ್ಲಿಗೆ ಸೋಮಿ ಸವಾರಿ?" ಎಂದ ಮಹದೇವಯ್ಯ.

"ಇಲ್ಲಿ ಸೆಕೆ."

"ಒಲೆ ಪಕ್ಕ ತಂಪಾ?"

ಧರಣಿ ಹೆಂಚಿನ ಮೇಲಿನ ರೊಟ್ಟಿ ತಿರುವಿಹಾಕುವುದನ್ನು ಮರೆತು ಚಾಪೆಯನ್ನು ನೋಡಿದಳು. "ಮೂರು ಜನಕ್ಕೆ ಜಾಗ ಸಾಲಲ್ಲ ಅತ್ತೆ."

"ಬಾಗಿಲಿಗೆ ಅಡ್ಡ ಮಲಿಕ್ಕತೀನಿ ಬುಡು" ಎಂದು ಸೋಮಮ್ಮ ಚಾಪೆ ಇಳಿಸಿದಳು. "ಆ ಚಿಲಕ ಎಂಗೂ ಸಡ್ಲಾಗದೆ."